ಜಾಯಿಂಟ್ಲಿ ಅಂದರೆ ಎಷ್ಟು ಜನರ ಸಹಿ?

ವಿಜಯನಗರದಿಂದ ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್ ಸಂಘಕ್ಕೆ ಬ್ಯಾಂಕ್ ಖಾತೆ ತೆರೆಯಬೇಕು. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಮೂವರ ಹೆಸರಿದೆ. ಫಾರಂನಲ್ಲಿ ‘ಜಾಯಿಂಟ್ಲಿ’, ‘ಸೆವೆರಲಿ’ ಅಂತ ಇದೆ. ಯಾವುದಕ್ಕೆ ಟಿಕ್ ಹಾಕಲಿ? ಅನುಭವ ಇರುವವರು ಹೇಳಿ.

ಯಲಹಂಕ: ಬರೀ ಜಾಯಿಂಟ್ಲಿ ಬೇಡ ಸಾರ್. ಮೂವರೂ ಸಹಿ ಹಾಕದೆ ಒಂದು ಚೆಕ್ಕೂ ಪಾಸಾಗುವುದಿಲ್ಲ. ನಮ್ಮ ಅಧ್ಯಕ್ಷೆ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋದರು. ಇಲ್ಲಿ ಸೆಕ್ಯೂರಿಟಿಯವರ ಸಂಬಳ ನಿಂತಿತು, ನೀರಿನ ಟ್ಯಾಂಕರ್‌ನವನು ಗೇಟಿಗೆ ಬಂದು ಕೂಗಾಡಿದ. ಸೆವೆರಲಿ ಅಂದರೆ ಒಬ್ಬರೇ ಹೋಗಿ ಹಣ ತೆಗೆಯಬಹುದು. ಸಂಘದ ದುಡ್ಡಿಗೆ ಅದು ಇನ್ನೂ ಅಪಾಯ. ‘ಎನಿ ಟೂ ಜಾಯಿಂಟ್ಲಿ’ ಅಂತ ಬರೆಸಿ. ಮೂವರಲ್ಲಿ ಯಾರಾದರೂ ಇಬ್ಬರ ಸಹಿ ಸಾಕು.

ಬಸವನಗುಡಿ: ಸಂಘಕ್ಕೆ ಅದು ಸರಿ. ವಯಸ್ಸಾದ ಅಪ್ಪ ಅಮ್ಮನ ಖಾತೆಗೆ ಮಾತ್ರ ‘ಐದರ್ ಆರ್ ಸರ್ವೈವರ್’ ಮಾಡಿಸಿ. ಒಬ್ಬರು ಆಸ್ಪತ್ರೆಯಲ್ಲಿದ್ದರೂ ಇನ್ನೊಬ್ಬರು ಹಣ ತೆಗೆಯಬಹುದು.

ರಾಜಾಜಿನಗರ: ಸಾಲದ ಪತ್ರದಲ್ಲಿ ‘ಜಾಯಿಂಟ್ಲಿ ಅಂಡ್ ಸೆವೆರಲಿ’ ಅಂತ ಇರುತ್ತದೆ ನೋಡಿ, ಅದನ್ನು ಎರಡೆರಡು ಸಲ ಓದಿ. ನಾನು, ತಮ್ಮ ಸೇರಿ ಮನೆ ಸಾಲ ತೆಗೆದಿದ್ದೆವು. ಅವನ ಕೆಲಸ ಹೋದ ಮೇಲೆ ಬ್ಯಾಂಕಿನವರು ಪೂರ್ತಿ ಕಂತನ್ನು ನನ್ನನ್ನೇ ಕೇಳಿದರು. ನನ್ನ ಅರ್ಧ ಮಾತ್ರ ಕಟ್ಟುತ್ತೇನೆ ಅಂದರೆ ಅವರು ಒಪ್ಪಬೇಕಾಗಿಲ್ಲ. 1872ರ ಕರಾರು ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಜೊತೆಗೆ ಮಾತು ಕೊಟ್ಟವರಲ್ಲಿ ಯಾರಿಂದ ಬೇಕಾದರೂ ಪೂರ್ತಿ ವಸೂಲಿ ಮಾಡಬಹುದು. ಆಮೇಲೆ ತಮ್ಮನ ಪಾಲನ್ನು ನಾನು ತಮ್ಮನಿಂದ ಕೇಳಬಹುದು, ಅದಕ್ಕೂ ಅಲ್ಲೇ ಅವಕಾಶ ಇದೆ. ಕೆಲಸ ಇಲ್ಲದ ತಮ್ಮನ ಹತ್ತಿರ ಕೇಳುವುದು ಹೇಗೆ ಅಂತ ಮಾತ್ರ ಕಾಯ್ದೆಯಲ್ಲಿಲ್ಲ!

ಜಯನಗರ (ಇಂಗ್ಲಿಷ್ ಪಾಠ ಮಾಡುವವಳು): 2014ರ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಕೈಲಾಶ್ ಸತ್ಯಾರ್ಥಿ, ಮಲಾಲಾ ಇಬ್ಬರಿಗೂ ‘ಜಾಯಿಂಟ್ಲಿ’ ಕೊಟ್ಟರು. ಅಲ್ಲಿ ಬಹುಮಾನ ಅರ್ಧರ್ಧ. ಸಾಲದಲ್ಲಿ ಹಾಗಲ್ಲ, ಅಲ್ವಾ? ಅದಕ್ಕೇ ಡಿಕ್ಷನರಿ ಅರ್ಥ ನೋಡಿ ಸಹಿ ಹಾಕಬೇಡಿ. ಇನ್ನೊಂದು, ಸಂಘದ ಪತ್ರಗಳಲ್ಲಿ ‘ಜಾಯಿಂಟ್ಲಿ ಟುಗೆದರ್’ ಅಂತ ಬರೆಯುತ್ತಾರೆ. ಸುಮ್ನೆ ಒಂದು ಪದ ಜಾಸ್ತಿ.

ವಿಜಯನಗರ: ಥ್ಯಾಂಕ್ಸ್. ಫಾರಂನಲ್ಲಿ ‘ಎನಿ ಟೂ’ಗೆ ಜಾಗವೇ ಇಲ್ಲವಲ್ಲ?

ಯಲಹಂಕ: ‘ಅದರ್ಸ್’ ಅಂತ ಒಂದು ಖಾಲಿ ಗೆರೆ ಇದೆಯಾ ನೋಡಿ, ಅಲ್ಲಿ ಬರೆಯಿರಿ. ಇಲ್ಲದಿದ್ದರೆ ಮ್ಯಾನೇಜರ್ ಹತ್ತಿರ ಕೇಳಿ. ಸಂಘದ ಠರಾವಿನಲ್ಲೂ ಅದೇ ಮಾತು ಇರಲಿ. ಎರಡರಲ್ಲಿ ಬೇರೆ ಬೇರೆ ಇದ್ದರೆ ಫಾರಂ ವಾಪಸ್ ಬರುತ್ತದೆ.