ಟಿವಿ ಆಮೇಲೆ ತರೋಣ ಕಾಕಾ, ಮೊದಲು ಓದು

ಕಾಕಾ, ನಮಸ್ಕಾರ. ಗ್ರೂಪಿನ ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳಿ.

ಊರಿನ ಮಕ್ಕಳು ಗದಗಿನ ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನ್ ಹತ್ತುತ್ತಿದ್ದಾರೆ, ಮನೆ ಮನೆಯಿಂದ ಪಟ್ಟಿ (ವಂತಿಗೆ) ಎತ್ತಿ ನಮ್ಮ ಸರ್ಕಾರಿ ಶಾಲೆಗೆ ಬಣ್ಣ ಹೊಡೆಸೋಣ, ಒಂದು ಸ್ಮಾರ್ಟ್ ಟಿವಿ ಹಾಕಿಸೋಣ ಅಂತ ನೀವು ನಿನ್ನೆ ಹೇಳಿದಿರಿ. ಪಟ್ಟಿಗೆ ನಮ್ಮ ಮನೆಯದೂ ಇರುತ್ತದೆ. ಆದರೆ ಆ ದುಡ್ಡು ಮೊದಲು ಓದು ಕಲಿಸುವುದಕ್ಕೆ ಹೋಗಲಿ. ಐದನೇ ತರಗತಿ ಮುಗಿಸುವ ಒಂದು ಮಗುವೂ ಓದಲು ಬಾರದೆ ಹೊರಗೆ ಹೋಗಬಾರದು.

ನಾನು ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲೆಯ ಮೇಲುಸ್ತುವಾರಿ ಸಮಿತಿಯಲ್ಲಿ ಇದ್ದೇನಲ್ಲ, ಮೊನ್ನೆ ಶಾಲೆಗೆ ಹೋದಾಗ ಐದನೇ ತರಗತಿಯ ಒಬ್ಬ ಹುಡುಗಿಗೆ ಎರಡನೇ ತರಗತಿಯ ಕನ್ನಡ ಪುಸ್ತಕ ಕೊಟ್ಟು ಓದು ಅಂದೆ. ‘ಮನೆ’, ‘ಗಿಡ’ ಸರಾಗ ಓದಿದಳು. ಒತ್ತಕ್ಷರ ಬಂದಲ್ಲೆಲ್ಲ ತಡವರಿಸಿದಳು. ‘ಅಕ್ಕ’ ಹೋಗಿ ‘ಅಕ’ ಆಯಿತು, ‘ಹಳ್ಳ’ ಹೋಗಿ ‘ಹಳ’ ಆಯಿತು. ಹಾಗೆ ಓದಿದರೆ ಪಾಠ ತಲೆಗೆ ಹೇಗೆ ಹೋಗಬೇಕು? 52ರಲ್ಲಿ 27 ಕಳೆ ಅಂದೆ. 35 ಅಂತ ಬರೆದಳು. 2ರಲ್ಲಿ 7 ಹೋಗುವುದಿಲ್ಲ ಅಂತ 7ರಲ್ಲೇ 2 ಕಳೆದಿದ್ದಾಳೆ. ಹತ್ತು ಬಿಡಿಸಿಕೊಳ್ಳುವುದು ಗೊತ್ತೇ ಇಲ್ಲ. ಆಮೇಲೆ ಬಾಯಿಲೆಕ್ಕ ಕೇಳಿದೆ. ಅಂಗಡಿಗೆ 52 ರೂಪಾಯಿ ಒಯ್ದು 27 ರೂಪಾಯಿ ಸಾಮಾನು ತಂದರೆ ಎಷ್ಟು ಉಳಿಯಿತು? 25 ಅಂದಳು, ಬೆರಳೂ ಎಣಿಸಲಿಲ್ಲ! ತಲೆ ಚುರುಕಾಗಿದೆ ಕಾಕಾ. ಎರಡನೇ ತರಗತಿಯಲ್ಲಿ ಬಿಟ್ಟುಹೋದದ್ದನ್ನು ಮತ್ತೆ ಕೂರಿಸಿಕೊಂಡು ಹೇಳಿಕೊಟ್ಟವರಿಲ್ಲ, ಅಷ್ಟೇ. ಇಂಥ ಮಕ್ಕಳು ನಾಲ್ಕು, ಐದನೇ ತರಗತಿಯಲ್ಲಿ ಜಾಸ್ತಿ ಇದ್ದಾರೆ.

ಇದಕ್ಕೆ ಮಾಸ್ತರನ್ನು, ಅಕ್ಕೋರನ್ನು ಬೈಯಬೇಡಿ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಐದನೇ ತರಗತಿವರೆಗಿನ ಶಾಲೆಗೆ 60 ಮಕ್ಕಳ ತನಕ ಇಬ್ಬರೇ ಶಿಕ್ಷಕರು. ನಮ್ಮಲ್ಲಿ ಅಷ್ಟು ಮಕ್ಕಳಿಲ್ಲ, ಹಾಗಾಗಿ ಮೂರನೆಯವರು ಬರುವುದಿಲ್ಲ. ಒಂದರಿಂದ ಮೂರನೇ ತರಗತಿ ತನಕ ನಲಿಕಲಿ (ಆಟ, ಹಾಡು, ಕಾರ್ಡುಗಳಿಂದ ಕಲಿಸುವ ಪದ್ಧತಿ) ಅಕ್ಕೋರು, ನಾಲ್ಕು, ಐದನೇ ತರಗತಿಗೆ ಮಾಸ್ತರು. ಬಿಸಿಯೂಟದ ಲೆಕ್ಕ, ಹಾಲು, ಮೊಟ್ಟೆ, ಆನ್‌ಲೈನ್‌ನಲ್ಲಿ ಮಾಹಿತಿ ತುಂಬುವುದು, ಮೀಟಿಂಗು, ಎಲ್ಲ ಅವರದೇ. ಒಬ್ಬರು ತಾಲೂಕಿಗೆ ಹೋದ ದಿನ ಐದೂ ತರಗತಿ ಇನ್ನೊಬ್ಬರ ತಲೆ ಮೇಲೆ.

ನಲಿಕಲಿ ಅಂದಮೇಲೆ ತಾಯಂದಿರಿಗೆ ಒಂದು ಮಾತು. ಮಗುವಿಗೆ ಅ ಆ ಇ ಈ ಹೇಳಲು ಬರಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತೀರಿ. ಅಲ್ಲಿ ಶುರು ಆಗುವುದೇ ರ ಗ ಸ ದ ಅ ಅಂತ. ಈ ಐದು ಅಕ್ಷರ ಬಂದರೆ ಮಗು ‘ಸರ’, ‘ದರ’, ‘ಅರಸ’, ‘ಗರಗಸ’ ಅಂತ ಓದಿಯೇ ಬಿಡುತ್ತದೆ. ಮನೆಯಲ್ಲಿ ಇವನ್ನೇ ಬರೆದು ಓದಿಸಿ ನೋಡಿ, ಸುಮ್ನೆ ಗದರಬೇಡಿ.

ನಾನು ಹೇಳುವುದು ಇಷ್ಟು. ಮೂರರಿಂದ ಐದನೇ ತರಗತಿ ಮಕ್ಕಳನ್ನು ಒಬ್ಬೊಬ್ಬರನ್ನೇ ಓದಿಸಿ ನೋಡೋಣ. ಅಕ್ಷರ ಮಾತ್ರ ಬರುವವರು, ಪದ ಓದುವವರು, ವಾಕ್ಯ ಓದುವವರು, ಕಥೆ ಓದುವವರು ಅಂತ ಗುಂಪು ಮಾಡೋಣ. ದಿನಾ ಒಂದು ತಾಸು ಆ ಗುಂಪಿನಲ್ಲೇ ಕೂತು ಕಲಿಯಲಿ. ಐದನೆಯವನು ಮೂರನೆಯವರ ಜೊತೆ ಕೂತರೆ ಅವಮಾನ ಏನಿಲ್ಲ, ಓದು ಬಂದ ಕೂಡಲೇ ಮುಂದಿನ ಗುಂಪಿಗೆ ಹೋಗುತ್ತಾನೆ. ಇದು ಹೊಸದೂ ಅಲ್ಲ. ‘ಓದು ಕರ್ನಾಟಕ’ ಅಂತ ಸರ್ಕಾರವೇ ನಾಲ್ಕು, ಐದನೇ ತರಗತಿಗೆ ಹೀಗೆ ಮಾಡಿಸಿತ್ತು. ಮಾಸ್ತರನ್ನು ಕೇಳಿದೆ, ಒಬ್ಬರು ಜೊತೆಗೆ ಸಿಕ್ಕರೆ ನಾಳೆಯಿಂದಲೇ ಶುರು ಮಾಡುತ್ತೇನೆ ಅಂದರು. ಊರಲ್ಲಿ ಬಿ.ಎಡ್ ಮುಗಿಸಿ ಮನೆಯಲ್ಲಿರುವ ಹೆಣ್ಣುಮಕ್ಕಳು ಇದ್ದಾರಲ್ಲ, ಪಟ್ಟಿ ದುಡ್ಡಿನಲ್ಲಿ ಅವರಿಗೆ ತಿಂಗಳಿಗೆ ಇಷ್ಟು ಅಂತ ಕೊಡೋಣ. ಪುಕ್ಕಟೆ ದುಡಿಸಿಕೊಳ್ಳುವುದು ಬೇಡ. ಕಥೆ ಪುಸ್ತಕಕ್ಕೆ ಪಂಚಾಯ್ತಿಯ ಗ್ರಂಥಾಲಯ, ಅರಿವು ಕೇಂದ್ರ ಇದೆ, ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ.

ಇನ್ನು ನಮ್ಮ ಮನೆಗಳ ಮಾತು. ಉಳ್ಳಾಗಡ್ಡಿ ಕೀಳುವಾಗ, ಮೆಣಸಿನಕಾಯಿ ಬಿಡಿಸುವಾಗ ದೊಡ್ಡ ಹುಡುಗಿಯರನ್ನು ಕೂಸು ನೋಡಿಕೊಳ್ಳೋಕೆ ಮನೆಯಲ್ಲೇ ಇರಿಸುತ್ತೇವೆ. ಹಾಜರಿ ಪುಸ್ತಕ ನೋಡಿದೆ, ಆ ತಿಂಗಳುಗಳಲ್ಲಿ ಹುಡುಗಿಯರ ಹೆಸರಿನ ಮುಂದೆಯೇ ಗೈರು ಜಾಸ್ತಿ. ಕೂಲಿ ಬಿಡಿ ಅಂತ ಯಾರಿಗೂ ಹೇಳಲ್ಲ, ಹೊಟ್ಟೆಪಾಡು. ಆದರೆ ಕೂಲಿಗೆ ಹೋಗುವವರ ಕೂಸುಗಳಿಗೆ ಅಂತಲೇ ಸರ್ಕಾರ ‘ಕೂಸಿನ ಮನೆ’ ಮಾಡಿದೆ. ನಮ್ಮ ಪಂಚಾಯ್ತಿಯಲ್ಲಿ ಅದನ್ನು ಸರಿಯಾಗಿ ನಡೆಸಿ ಅಂತ ಹೆಂಗಸರೆಲ್ಲ ಒಟ್ಟಿಗೆ ಹೋಗಿ ಕೇಳೋಣ. ಅಧ್ಯಕ್ಷರಿಗೆ ನೀವು ಒಂದು ಮಾತು ಹೇಳಿದರೆ ಕೆಲಸ ಬೇಗ ಆಗುತ್ತದೆ ಕಾಕಾ.

ಈ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಎಸ್‌ಡಿಎಂಸಿ ಸಭೆ ಇದೆ. ನೀವೂ ಬನ್ನಿ. ಸಭೆಗೆ ಮುಂಚೆ ನಾಲ್ಕು ಮಕ್ಕಳ ಓದು ನೀವೇ ಕೇಳಿ, ಆಮೇಲೆ ಟಿವಿ ಮಾತು ತೆಗೆಯೋಣ. ಬಿ.ಎಡ್ ಆದವರು ಶುಕ್ರವಾರದ ಒಳಗೆ ಇಲ್ಲೇ ಹೆಸರು ಹಾಕಿ.