ಮಗಳು ಕಾಲೇಜು ಬ್ಯಾಸ್ಕೆಟ್‌ಬಾಲ್ ಅಸಿಸ್ಟೆಂಟ್ ಕೋಚ್ ಆಗುತ್ತಾಳಂತೆ, ಇದರ ದಾರಿ ಹೇಗೆ?

ಪ್ರಶ್ನೆ (ಓಹಾಯೋದಿಂದ ಒಬ್ಬ ತಾಯಿ): ಎಲ್ಲರಿಗೂ ನಮಸ್ಕಾರ. ಮಗಳು ಇಲ್ಲೇ ಒಂದು ಡಿವಿಷನ್ 3 (ಕಾಲೇಜು ಕ್ರೀಡೆಯ ಮೂರನೇ ಹಂತ) ಕಾಲೇಜಿನಲ್ಲಿ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ಹಿಡಿದು ಆಟ ನಡೆಸುವವಳು. ಓದುತ್ತಿರುವುದು ಅಕೌಂಟಿಂಗ್, ಇದೇ ಕೊನೆಯ ವರ್ಷ. ಒಳ್ಳೆಯ ಕೆಲಸ ಸಿಗುವ ಹಾಗಿದೆ. ಅವಳು ಮಾತ್ರ ಮಹಿಳಾ ತಂಡದ ಅಸಿಸ್ಟೆಂಟ್ ಕೋಚ್ ಆಗುತ್ತೇನೆ ಅಂತ ಪಟ್ಟು ಹಿಡಿದಿದ್ದಾಳೆ. ಅವರಪ್ಪ "ಅದೂ ಒಂದು ಕೆಲಸವಾ?" ಅನ್ನುತ್ತಾರೆ. ನನಗೆ ಇದರ ತಲೆಬುಡ ಗೊತ್ತಿಲ್ಲ. ಈ ಗುಂಪಿನಲ್ಲಿ ಒಬ್ಬರು ಕೋಚ್ ಇದ್ದಾರಂತೆ, ದಯವಿಟ್ಟು ಹೇಳಿ.

ಉತ್ತರ (ಡಿವಿಷನ್ 1, ಅಂದರೆ ಎಲ್ಲಕ್ಕಿಂತ ಮೇಲಿನ ಹಂತದ ತಂಡವೊಂದರ ಅಸಿಸ್ಟೆಂಟ್ ಕೋಚ್): ನಾನೇ ಅದು. ಮೊದಲು ಅವರಪ್ಪನಿಗೆ ಉತ್ತರ: ಕೆಲಸ ಹೌದು, ನೆಮ್ಮದಿಯ ಕೆಲಸ ಅಲ್ಲ.

ಜಾಸ್ತಿ ಜನ ಗ್ರಾಜುಯೇಟ್ ಅಸಿಸ್ಟೆಂಟ್ ಆಗಿ ಶುರು ಮಾಡುತ್ತಾರೆ. ಕಾಲೇಜು ಮಾಸ್ಟರ್ಸ್ ಫೀಸು ಬಿಡುತ್ತದೆ, ಕೈಖರ್ಚಿಗೆ ಸ್ವಲ್ಪ ಕೊಡುತ್ತದೆ. ಬದಲಿಗೆ ವಿಡಿಯೊ ಕತ್ತರಿಸುವುದು, ಬಟ್ಟೆ ಒಗೆಸುವುದು, ಏರ್‌ಪೋರ್ಟಿಗೆ ಓಡುವುದು ಎಲ್ಲ ನಿಮ್ಮ ತಲೆಗೆ. ಅಲ್ಲಿಂದ ವಿಡಿಯೊ ಕೋಆರ್ಡಿನೇಟರ್ ಅಥವಾ ಡೈರೆಕ್ಟರ್ ಆಫ್ ಆಪರೇಷನ್ಸ್, ಅಂದರೆ ಬಸ್ಸು, ಹೋಟೆಲ್, ಊಟದ ಜವಾಬ್ದಾರಿ. ಆಮೇಲೆ ಅಸಿಸ್ಟೆಂಟ್, ಅಸೋಸಿಯೇಟ್ ಹೆಡ್ ಕೋಚ್. 2023ರಲ್ಲಿ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ನಿಯಮ ಬದಲಾಯಿಸಿ ಡಿವಿಷನ್ 1 ತಂಡಗಳಿಗೆ ಇನ್ನೂ ಇಬ್ಬರು ಕೋಚ್‌ಗಳನ್ನು ಇಟ್ಟುಕೊಳ್ಳಲು ಬಿಟ್ಟಿತು. ಅವರು ಅಭ್ಯಾಸದಲ್ಲಿ ಕಲಿಸಬಹುದು, ಆಟಗಾರ್ತಿಯರನ್ನು ಹುಡುಕಿಕೊಂಡು ಹೊರಗೆ ಹೋಗುವ ಹಾಗಿಲ್ಲ. ಹೊಸಬರಿಗೆ ಇದೊಂದು ಒಳ್ಳೆಯ ಬಾಗಿಲು.

ಸಂಬಳದ ಬಗ್ಗೆ ಎರಡೇ ಮಾತು. ದೊಡ್ಡ ಕಾನ್ಫರೆನ್ಸ್‌ಗಳಲ್ಲಿ (ಒಟ್ಟಿಗೆ ಲೀಗ್ ಆಡುವ ಕಾಲೇಜುಗಳ ಗುಂಪು) ವರ್ಷಕ್ಕೆ ಲಕ್ಷ ಡಾಲರ್ ದಾಟುತ್ತದೆ. ಸಣ್ಣ ಕಾಲೇಜುಗಳಲ್ಲಿ ಬಾಡಿಗೆ ಕಟ್ಟಿದರೆ ಮುಗಿಯಿತು.

ಪ್ರಶ್ನೆ (ಅದೇ ತಾಯಿ): ದಿನಾ ಮಾಡುವುದು ಏನು? ಆಟ ಕಲಿಸುವುದು ತಾನೇ?

ಉತ್ತರ: ಕಲಿಸುವುದು ದಿನಕ್ಕೆ ಎರಡು ಗಂಟೆ ಇರಬಹುದು. ಉಳಿದದ್ದು ಫೋನು. ಹೈಸ್ಕೂಲು ಹುಡುಗಿಯರು, ಅವರ ಅಮ್ಮಂದಿರು, ಅವರ ಕ್ಲಬ್ ಕೋಚ್‌ಗಳು. ಈಗ ಟ್ರಾನ್ಸ್‌ಫರ್ ಪೋರ್ಟಲ್ (ಬೇರೆ ಕಾಲೇಜಿಗೆ ಹೋಗಬೇಕೆನ್ನುವ ಆಟಗಾರರು ಹೆಸರು ಹಾಕುವ ಪಟ್ಟಿ) ಬಂದಮೇಲೆ ನಮ್ಮ ತಂಡದಲ್ಲೇ ಇರುವವರನ್ನೂ ಪ್ರತಿ ವಸಂತದಲ್ಲಿ ಹೊಸದಾಗಿ ಒಪ್ಪಿಸಬೇಕು. ಜುಲೈಯಲ್ಲಿ ದೊಡ್ಡ ಟೂರ್ನಮೆಂಟ್‌ಗಳಿಗೆ ಹೋದರೆ ಒಂದೇ ಹಾಲ್‌ನಲ್ಲಿ ಸಾಲಾಗಿ ಕೋರ್ಟ್‌ಗಳು. ಕಾಲೇಜಿನ ಲೋಗೊ ಇರುವ ಟೀ ಶರ್ಟ್ ಹಾಕಿಕೊಂಡು, ನಮಗೆ ಬೇಕಾದ ಹುಡುಗಿಗೆ ಕಾಣುವ ಹಾಗೆ ಕುರ್ಚಿಯಲ್ಲಿ ಕೂರಬೇಕು. ಅಲ್ಲಿ ಅವಳ ಹತ್ತಿರ ಹೋಗಿ ಮಾತಾಡುವ ಹಾಗಿಲ್ಲ. ಸುಮ್ನೆ ಕೂತಿರುವುದೇ ಕೆಲಸ!

ನನಗೆ ಇಷ್ಟವಾದ ಭಾಗ ಸ್ಕೌಟ್, ಅಂದರೆ ಎದುರಾಳಿಯ ಆಟ ಅಧ್ಯಯನ ಮಾಡಿ ವರದಿ ಬರೆಯುವುದು. ಎದುರಾಳಿ ತಂಡಗಳನ್ನು ಅಸಿಸ್ಟೆಂಟ್‌ಗಳು ಹಂಚಿಕೊಳ್ಳುತ್ತೇವೆ. ನನ್ನ ಪಾಲಿನ ತಂಡದ ಹಿಂದಿನ ಆಟಗಳನ್ನು ನೋಡಿ, ಪ್ರತಿ ಆಟಗಾರ್ತಿಗೂ ಒಂದೆರಡು ಸಾಲು ಬರೆಯುತ್ತೇನೆ: "11ನೇ ನಂಬರ್, ಎಡಗೈಗೆ ತಳ್ಳಿ, ಬಲಕ್ಕೆ ಬಿಟ್ಟರೆ ತಡೆಯಲಾಗದು." ಅವರ ಪ್ಲೇಗಳನ್ನು (ಮೊದಲೇ ಗೊತ್ತುಮಾಡಿಕೊಂಡ ಆಟದ ನಡೆ) ನಮ್ಮ ಪ್ರಾಕ್ಟೀಸ್ ಹುಡುಗರಿಗೆ ಕಲಿಸುತ್ತೇನೆ. ಹೌದು, ಹುಡುಗರು. ಅದೇ ಕಾಲೇಜಿನ ಸಾಮಾನ್ಯ ವಿದ್ಯಾರ್ಥಿಗಳು ಬಂದು ಎದುರಾಳಿಗಳ ಹಾಗೆ ಆಡುತ್ತಾರೆ. ಪಂದ್ಯದ ದಿನ ಅವರ ಗಾರ್ಡ್ ತಲೆ ಮುಟ್ಟಿಕೊಂಡಳು ಅಂದರೆ ಯಾವ ಪ್ಲೇ ಬರುತ್ತದೆ ಅಂತ ಬೆಂಚಿನಿಂದಲೇ ಕೂಗುತ್ತೇನೆ. ನಮ್ಮ ಹುಡುಗಿ ಒಂದು ಹೆಜ್ಜೆ ಮೊದಲೇ ಹೋಗಿ ಆ ಪಾಸ್ ಕದ್ದರೆ, ಆ ಖುಷಿಗೆ ಬೆಲೆ ಇಲ್ಲ.

ಇನ್ನೊಂದು ಮುಖ್ಯ ಮಾತು: ಹೆಡ್ ಕೋಚ್ ಕೆಲಸ ಹೋದರೆ ನಮ್ಮದೂ ಹೋಗುತ್ತದೆ. ಹೊಸಬರು ತಮ್ಮವರನ್ನು ಕರೆತರುತ್ತಾರೆ. ಕರಾರೂ ಎಷ್ಟೋ ಕಡೆ ವರ್ಷಕ್ಕೊಂದು. ಹಾಗಾಗಿ ಕಾಲೇಜಿನ ಹೆಸರು ನೋಡಬೇಡಿ, ಯಾರ ಕೈಕೆಳಗೆ ಕೆಲಸ ಅಂತ ನೋಡಿ. ಜ್ಯಾನ್ ಜೆನ್ಸನ್ ಅಯೋವಾ ಯೂನಿವರ್ಸಿಟಿಯಲ್ಲಿ 24 ಸೀಸನ್ ಹೆಡ್ ಕೋಚ್ ಲೀಸಾ ಬ್ಲೂಡರ್ ಪಕ್ಕದಲ್ಲೇ ಇದ್ದರು. 2024ರಲ್ಲಿ ಬ್ಲೂಡರ್ ನಿವೃತ್ತರಾದಾಗ ಕುರ್ಚಿ ಅವರಿಗೇ ಬಂತು. ಕ್ರಿಸ್ ಡೇಲಿ 1985ರಿಂದ ಕನೆಕ್ಟಿಕಟ್ ಯೂನಿವರ್ಸಿಟಿಯಲ್ಲಿ ಹೆಡ್ ಕೋಚ್ ಜೀನೊ ಔರಿಯೆಮ್ಮಾ ಜತೆಗಿದ್ದಾರೆ, ಹೆಡ್ ಕೋಚ್ ಆಗದೆಯೇ ಎಲ್ಲರ ಗೌರವ ಪಡೆದವರು. ಕಿಮ್ ಮಲ್ಕಿ ಕಥೆ ಬೇರೆ. ಲೂಯಿಸಿಯಾನಾ ಟೆಕ್‌ನಲ್ಲಿ 15 ವರ್ಷ ಅಸಿಸ್ಟೆಂಟ್ ಆಗಿದ್ದರು. 2000ದಲ್ಲಿ ಹೆಡ್ ಕೋಚ್ ಜಾಗ ಖಾಲಿಯಾದಾಗ ಐದು ವರ್ಷದ ಕರಾರು ಕೇಳಿದರು, ಸಿಗಲಿಲ್ಲ. ಬೇಲರ್ ಯೂನಿವರ್ಸಿಟಿಗೆ ಹೆಡ್ ಕೋಚ್ ಆಗಿ ಹೋದರು, 2005ರಲ್ಲೇ ಚಾಂಪಿಯನ್ ಆದರು.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಟೆನೆಸ್ಸೀ ಯೂನಿವರ್ಸಿಟಿಯ ಹೆಸರಾಂತ ಕೋಚ್ ಪ್ಯಾಟ್ ಸಮ್ಮಿಟ್ 22ನೇ ವಯಸ್ಸಿಗೇ ಹೆಡ್ ಕೋಚ್ ಆಗಿದ್ದರಲ್ಲ? ಇಷ್ಟೆಲ್ಲ ಮೆಟ್ಟಿಲು ಯಾಕೆ?

ಉತ್ತರ: ಅದು 1974, ಸ್ವಾಮಿ. ಟೆನೆಸ್ಸೀಗೆ ಅವರು ಹೋಗಿದ್ದೇ ಗ್ರಾಜುಯೇಟ್ ಅಸಿಸ್ಟೆಂಟ್ ಆಗಿ. ಇದ್ದ ಕೋಚ್ ಬಿಟ್ಟರು, ತಂಡ ಇವರ ಕೈಗೆ ಬಂತು. ಸಂಬಳ ತಿಂಗಳಿಗೆ 250 ಡಾಲರ್. ವ್ಯಾನ್ ಓಡಿಸಿದ್ದೂ ಅವರೇ, ಯೂನಿಫಾರ್ಮ್ ಒಗೆದದ್ದೂ ಅವರೇ. ಓದಿನಲ್ಲೂ ಆಟದಲ್ಲೂ ಹೆಣ್ಣುಮಕ್ಕಳಿಗೆ ಸಮಾನ ಅವಕಾಶ ಕೊಡಬೇಕೆನ್ನುವ ಟೈಟಲ್ ನೈನ್ ಕಾನೂನು ಬಂದು ಆಗ ಎರಡೇ ವರ್ಷ. ಕಾಸಿಲ್ಲದ ಕೆಲಸಕ್ಕೆ ಪೈಪೋಟಿಯೂ ಇರಲಿಲ್ಲ. 1972ರಲ್ಲಿ ಕಾಲೇಜು ಮಹಿಳಾ ತಂಡಗಳ ಕೋಚ್‌ಗಳಲ್ಲಿ ಶೇ. 90ಕ್ಕಿಂತ ಜಾಸ್ತಿ ಹೆಂಗಸರೇ. ದುಡ್ಡು ಬಂತು, ಗಂಡಸರೂ ಬಂದರು. ಈಗ ಎಲ್ಲ ಆಟ ಸೇರಿಸಿದರೆ ಹೆಂಗಸರು ಅರ್ಧಕ್ಕಿಂತ ಕಡಿಮೆ. ಅವರಪ್ಪನಿಗೆ ಇದನ್ನೂ ತಿಳಿಸಿ.

ಪ್ರಶ್ನೆ (ಮೈಸೂರಿನಿಂದ ಒಬ್ಬ ಆಟಗಾರ್ತಿ): ಯೂನಿವರ್ಸಿಟಿ ತಂಡದಲ್ಲಿ ಆಡಿದ್ದೇನೆ. ಇಂಡಿಯಾದಿಂದ ನೇರವಾಗಿ ಅಲ್ಲಿ ಈ ಕೆಲಸಕ್ಕೆ ಬರಬಹುದಾ?

ಉತ್ತರ: ನೇರವಾಗಿ ಕಷ್ಟ. ಎಫ್-1 (ವಿದ್ಯಾರ್ಥಿ) ವೀಸಾದಲ್ಲಿ ಓದುತ್ತಾ ಗ್ರಾಜುಯೇಟ್ ಅಸಿಸ್ಟೆಂಟ್ ಆಗಬಹುದು. ಓದು ಮುಗಿದಮೇಲೆ ಒಂದು ವರ್ಷ ಓಪಿಟಿ, ಅಂದರೆ ಅದೇ ವೀಸಾದಲ್ಲಿ ಕೆಲಸ ಮಾಡಲು ಅನುಮತಿ. ಎಚ್-1ಬಿ (ಕೆಲಸದ ವೀಸಾ) ಲಾಟರಿ ಯೂನಿವರ್ಸಿಟಿಗಳಿಗೆ ಇಲ್ಲ, ಅದು ಅನುಕೂಲ. ಆದರೆ ಕೆಳಗಿನ ಮೆಟ್ಟಿಲಿನ ಕೋಚ್‌ಗಾಗಿ ಕಾಗದಪತ್ರ ಮಾಡಿಸುವ ಕ್ರೀಡಾ ವಿಭಾಗ ಕಡಿಮೆ. ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಝೋನಾ ಯೂನಿವರ್ಸಿಟಿಯಲ್ಲಿ ಆಡಿದರು. ಹಾಗೆ ಆಟಗಾರ್ತಿಯಾಗಿ ಬಂದವರಿಗೆ ಪರಿಚಯ ಬೆಳೆಯುತ್ತದೆ, ದಾರಿ ಸಲೀಸು. ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಐಎಸ್‌ನ ಕೋಚಿಂಗ್ ಡಿಪ್ಲೊಮಾ ನೋಡುತ್ತಿದ್ದೆ. ಇಂಡಿಯಾದಲ್ಲಿ ಸರ್ಕಾರಿ ಕೋಚ್ ಹುದ್ದೆಗೆ ಅದಕ್ಕೆ ಬೆಲೆ ಇದೆ.

ಪ್ರಶ್ನೆ (ಮೊದಲ ತಾಯಿ): ಥ್ಯಾಂಕ್ಸ್. ಅವಳು ಈಗ ಏನು ಮಾಡಬೇಕು?

ಉತ್ತರ: ಈ ಸೀಸನ್‌ನಲ್ಲಿ ಒಂದು ಎದುರಾಳಿ ತಂಡದ ಸ್ಕೌಟ್ ತನಗೆ ಕೊಡಿ ಅಂತ ಅವಳ ಕೋಚನ್ನು ಕೇಳಲಿ. ಬರೆದ ಕಾಗದ ಇಟ್ಟುಕೊಳ್ಳಲಿ, ಇಂಟರ್ವ್ಯೂಗೆ ತೋರಿಸಬಹುದು. ಮಹಿಳಾ ಫೈನಲ್ ಫೋರ್ (ರಾಷ್ಟ್ರೀಯ ಟೂರ್ನಮೆಂಟಿನ ಕೊನೆಯ ನಾಲ್ಕು ತಂಡಗಳ ಹಂತ) ನಡೆಯುವ ಊರಿನಲ್ಲೇ ಕೋಚ್‌ಗಳ ಸಂಘ ಡಬ್ಲ್ಯುಬಿಸಿಎ ಸಮಾವೇಶ ಇರುತ್ತದೆ. ಓದು ಮುಗಿಸುವ, ಕೋಚ್ ಆಗಬೇಕೆನ್ನುವ ಆಟಗಾರ್ತಿಯರಿಗೆ ಅವರದೇ ಒಂದು ಕಾರ್ಯಕ್ರಮ ಇದೆ, ಅದನ್ನೂ ಕೋಚ್ ಮೂಲಕವೇ ವಿಚಾರಿಸಲಿ. ಕೆಲಸದ ಮಾತುಗಳು ಅಲ್ಲಿನ ಹೋಟೆಲ್ ಲಾಬಿಯಲ್ಲೇ ನಡೆಯುವುದು. ಮತ್ತೆ, ಅಕೌಂಟಿಂಗ್ ಡಿಗ್ರಿಯನ್ನು ರೆಸ್ಯುಮೆಯಲ್ಲಿ ಮೇಲೆಯೇ ಹಾಕಲಿ. 2025ರಿಂದ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಆ ಲೆಕ್ಕ ಹಿಡಿಯುವವರಿಗೆ ಈಗ ಎಲ್ಲ ಕಡೆ ಹುಡುಕಾಟ.