ಥೈರಾಯ್ಡಿಗೂ ಮೈನೆರೆಯುವುದಕ್ಕೂ ಸಂಬಂಧ ಇದೆಯಾ?

ನೀರ್ಚಾಲು ಅಮ್ಮ:
ಮಗಳು ಪ್ಲಸ್ ಟು. ಹಾರ್ಮೋನು ಪಾಠ ನಡೆಯುತ್ತಿದೆ. ನೋಟ್ಸಿನಲ್ಲಿ ಮೂರು ಕಾಲಂ: ಗ್ರಂಥಿ, ಹಾರ್ಮೋನು, ಕೆಲಸ. ಥೈರಾಯ್ಡಿನ ಕೆಲಸ ಒಂದು, ಅಂಡಾಶಯದ ಕೆಲಸ ಇನ್ನೊಂದು. ಎರಡರ ನಡುವೆ ಒಂದು ಗೆರೆಯೂ ಇಲ್ಲ.

ಅದೇ ಹೊತ್ತಿಗೆ ತಂಗಿಯ ಮಗಳನ್ನು ಮಂಗಳೂರಿನಲ್ಲಿ ತೋರಿಸಬೇಕಾಯಿತು. ಏಳು ವರ್ಷದ ಮಗು. ಎದೆ ಬೆಳೆಯಲು ಶುರುವಾಗಿತ್ತು, ಒಮ್ಮೆ ರಕ್ತವೂ ಕಂಡಿತು. ಆದರೆ ಒಂದು ವರ್ಷದಿಂದ ಎತ್ತರ ಮಾತ್ರ ಬೆಳೆದೇ ಇಲ್ಲ. ಡಾಕ್ಟ್ರು ಇದನ್ನು ಕೇಳಿದ ಕೂಡಲೇ ಟಿಎಸ್‌ಎಚ್ (ಥೈರಾಯ್ಡಿಗೆ ಕೆಲಸ ಮಾಡು ಎನ್ನುವ ಹಾರ್ಮೋನು) ಪರೀಕ್ಷೆ ಬರೆದರು. ವರದಿಯಲ್ಲಿ ಅದು ವಿಪರೀತ ಜಾಸ್ತಿ. ಕೊಟ್ಟದ್ದು ಬರೀ ಥೈರಾಯ್ಡ್ ಮಾತ್ರೆ. ಇದರಲ್ಲೇ ಎಲ್ಲ ಹಿಂದಕ್ಕೆ ಸರಿಯುತ್ತದೆ ಅಂದರು. ಥೈರಾಯ್ಡ್ ಮಾತ್ರೆಯಿಂದ ಇದು ನಿಲ್ಲುವುದು ಹೇಗೆ? ಗೊತ್ತಿದ್ದವರು ಹೇಳಿ.

ಕುಂಬಳೆ ಮಾಷ್ಟ್ರು:
ಮಗುವಿನ ವಿಷಯದಲ್ಲಿ ಡಾಕ್ಟರು ಹೇಳಿದ್ದನ್ನೇ ನಂಬಿ ಅಕ್ಕ. ಆದರೆ ಆ ಮೂರು ಕಾಲಂ ಬಗ್ಗೆ ಒಂದು ಮಾತು. ಮೆದುಳಿನ ಹೈಪೋಥಲಾಮಸ್ ಎಂಬ ಭಾಗ ಜಿಎನ್‌ಆರ್‌ಎಚ್ ಎಂಬ ಹಾರ್ಮೋನು ಬಿಡುತ್ತದೆ. ಅದಕ್ಕೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನು ಬಿಡುತ್ತದೆ. ಅವು ವೃಷಣಕ್ಕೆ, ಅಂಡಾಶಯಕ್ಕೆ ಹೋಗಿ ಕೆಲಸ ಮಾಡಿಸುತ್ತವೆ. ಮೀನಿನಿಂದ ಮನುಷ್ಯರ ತನಕ ಬೆನ್ನೆಲುಬು ಇರುವ ಪ್ರಾಣಿಗಳಲ್ಲೆಲ್ಲ ಮುಖ್ಯವಾಗಿ ಇದೇ ಸಾಲು. ಮಕ್ಕಳಿಗೆ ಮೊದಲು ಇದು ಗಟ್ಟಿಯಾಗಬೇಕು. ಥೈರಾಯ್ಡ್ ಕಡಿಮೆಯಾದರೆ ಇಡೀ ಮೈ ಸೋಲುತ್ತದೆ, ಜೊತೆಗೆ ಸಂತಾನದ ಕೆಲಸವೂ ಹಿಂದೆ ಬೀಳುತ್ತದೆ. ಮೇವಿಲ್ಲದ ದನ ಬೆದೆಗೆ ಬರುತ್ತದೆಯೇ? ಅಷ್ಟೇ ಸಂಬಂಧ. ಅದಕ್ಕೆ ಬೇರೆ ಗೆರೆ ಎಳೆಯುವ ಅಗತ್ಯ ನನಗೆ ಕಾಣುವುದಿಲ್ಲ.

ಮುಳ್ಳೇರಿಯ ಎಂ.ಎಸ್ಸಿ.:
ಮಾಷ್ಟ್ರೇ, ಮೈ ಸೋತರೆ ಎಲ್ಲ ತಡವಾಗಬೇಕು ಅಲ್ವಾ? ಈ ಮಗುವಿಗೆ ಬೇಗ ಆಗಿದೆ. ಎತ್ತರ ನಿಂತಿದೆ, ಮೈನೆರೆಯುವುದು ಮುಂದೆ ಓಡಿದೆ. ಸುಮ್ನೆ ನಿತ್ರಾಣ ಅಂದರೆ ಇದಕ್ಕೆ ಉತ್ತರ ಆಗುವುದಿಲ್ಲ.

ಇದನ್ನು 1960ರಲ್ಲೇ ವ್ಯಾನ್ ವೈಕ್, ಗ್ರಂಬಾಕ್ ಎಂಬ ಇಬ್ಬರು ವೈದ್ಯರು ಬರೆದಿದ್ದಾರೆ. ಅವರ ಹೆಸರಿನಲ್ಲೇ ಈ ಕಾಯಿಲೆಯನ್ನು ಕರೆಯುತ್ತಾರೆ. ಥೈರಾಯ್ಡ್ ಸೋತಾಗ ಪಿಟ್ಯುಟರಿ ಟಿಎಸ್‌ಎಚ್ ಏರಿಸುತ್ತಲೇ ಹೋಗುತ್ತದೆ. ಟಿಎಸ್‌ಎಚ್, ಎಫ್‌ಎಸ್‌ಎಚ್, ಎಲ್‌ಎಚ್ ಮೂರೂ ಒಂದೇ ಮನೆತನದವು. ಪ್ರತಿಯೊಂದಕ್ಕೂ ಎರಡು ತುಂಡು, ಅದರಲ್ಲಿ ಒಂದು ತುಂಡು ಮೂರಕ್ಕೂ ಒಂದೇ. ಹಾಗಾಗಿ ಟಿಎಸ್‌ಎಚ್ ಮಿತಿ ಮೀರಿದಾಗ ಎಫ್‌ಎಸ್‌ಎಚ್ ಕೂರುವ ಜಾಗದ ಮೇಲೂ ಕೆಲಸ ಮಾಡುತ್ತದೆ. ಅಂಡಾಶಯ ಎಚ್ಚರವಾಗಿ ಹೆಣ್ಣು ಹಾರ್ಮೋನು ಈಸ್ಟ್ರೋಜೆನ್ ಬಿಡುತ್ತದೆ. ಮಾತ್ರೆ ಕೊಟ್ಟರೆ ಟಿಎಸ್‌ಎಚ್ ಇಳಿಯುತ್ತದೆ, ಅಂಡಾಶಯವನ್ನು ಎಬ್ಬಿಸುತ್ತಿದ್ದದ್ದು ನಿಲ್ಲುತ್ತದೆ.

ನೀರ್ಚಾಲಿನ ಅಕ್ಕ, ಸಾಮಾನ್ಯವಾಗಿ ಬೇಗ ಮೈನೆರೆಯುವ ಮಕ್ಕಳು ಆ ಹೊತ್ತಿಗೆ ಸರ್ರನೆ ಎತ್ತರ ಬೆಳೆಯುತ್ತಾರೆ. ಇಲ್ಲಿ ಬೆಳವಣಿಗೆ ನಿಂತಿದೆ. ಡಾಕ್ಟ್ರಿಗೆ ಸುಳಿವು ಸಿಕ್ಕಿದ್ದು ಅಲ್ಲೇ ಇರಬೇಕು.

ನೀರ್ಚಾಲು ಅಮ್ಮ:
ಹೌದು, ಹಳೆಯ ಎತ್ತರ ಎಷ್ಟು ಅಂತ ಎರಡೆರಡು ಸಲ ಕೇಳಿದರು. ಶಾಲೆಯಲ್ಲಿ ಬರೆದಿಟ್ಟದ್ದು ಇದೆಯಾ ಅಂತಲೂ ಕೇಳಿದರು. ಈಗ ಅರ್ಥವಾಯಿತು.

ಕುಂಬಳೆ ಮಾಷ್ಟ್ರು:
ವಿವರಣೆ ಚೆನ್ನಾಗಿದೆ. ಆದರೆ ಇದು ಅಪರೂಪದ ಕಾಯಿಲೆ. ಟಿಎಸ್‌ಎಚ್ ಮಿತಿ ಮೀರಿದಾಗಿನ ಕಥೆ. ಥೈರಾಯ್ಡ್ ಕಡಿಮೆ ಇರುವ ಹೆಚ್ಚಿನ ಮಕ್ಕಳಿಗೆ ತಡವೇ ಆಗುತ್ತದೆ, ಅದನ್ನೂ ಹೇಳಬೇಕು. ಕಾಯಿಲೆ ಇಲ್ಲದ ಸಾದಾ ಬೆಳವಣಿಗೆಯಲ್ಲಿ ಥೈರಾಯ್ಡ್ ನೇರವಾಗಿ ಕೈ ಹಾಕುವುದಕ್ಕೆ ಆಧಾರ ಕೊಡಿ.

ಮುಳ್ಳೇರಿಯ ಎಂ.ಎಸ್ಸಿ.:
ಕೊಡ್ತೇನೆ. 1991ರಲ್ಲಿ ಕುಕ್ ಮತ್ತು ಮೈಸಾಮಿ ಮಾಡಿದ ಇಲಿ ಪ್ರಯೋಗ. ಹುಟ್ಟಿದ ಮರಿಗಳಿಗೆ ಮೊದಲ ಕೆಲವು ವಾರ ಥೈರಾಯ್ಡ್ ತಗ್ಗಿಸುವ ಔಷಧ ಕೊಟ್ಟರು. ಆಮೇಲೆ ನಿಲ್ಲಿಸಿದರು. ಮೈ ಸೋಲುವುದೇ ಕಾರಣವಾದರೆ ಆ ಇಲಿಗಳ ವೃಷಣ ಸಣ್ಣದಾಗಬೇಕಿತ್ತು. ಬೆಳೆದ ಮೇಲೆ ನೋಡಿದರೆ ಶೇಕಡ 80ರಷ್ಟು ದೊಡ್ಡದು! ವೀರ್ಯಾಣುವೂ ಜಾಸ್ತಿ.

ಕಾರಣ ವೃಷಣದ ಒಳಗೇ ಇದೆ. ವೀರ್ಯಾಣುಗಳನ್ನು ಸಾಕುವ ಸೆರ್ಟೋಲಿ ಕೋಶಗಳು ಎಳೆಯ ವಯಸ್ಸಿನಲ್ಲಿ ಮಾತ್ರ ಸಂಖ್ಯೆಯಲ್ಲಿ ಹೆಚ್ಚುತ್ತವೆ. ಹೆಚ್ಚಿದ್ದು ಸಾಕು, ಇನ್ನು ಬಲಿಯಿರಿ ಎಂದು ಅವಕ್ಕೆ ಹೇಳುವುದು ಥೈರಾಯ್ಡ್ ಹಾರ್ಮೋನು ಟಿ3. ಅದು ತಡವಾದರೆ ಕೋಶಗಳು ಇನ್ನಷ್ಟು ದಿನ ಹೆಚ್ಚುತ್ತಲೇ ಇರುತ್ತವೆ. ಒಂದು ಸೆರ್ಟೋಲಿ ಕೋಶ ಇಂತಿಷ್ಟೇ ವೀರ್ಯಾಣು ಸಾಕಬಲ್ಲದು. ಹಾಗಾಗಿ ಮುಂದೆ ಗಂಡಿನ ಸಾಮರ್ಥ್ಯ ಎಷ್ಟು ಎನ್ನುವುದು ಆ ಕೆಲವು ವಾರಗಳಲ್ಲಿ ತೀರ್ಮಾನವಾಗುತ್ತದೆ. ಇನ್ನೊಂದು ಗಮನಿಸಿ ಮಾಷ್ಟ್ರೇ, ಆ ಇಲಿಗಳಲ್ಲಿ ಎಫ್‌ಎಸ್‌ಎಚ್ ಜಾಸ್ತಿ ಇರಲಿಲ್ಲ, ಕಡಿಮೆಯೇ ಇತ್ತು. ನೀವು ಹೇಳಿದ ಸಾಲನ್ನು ಮಾತ್ರ ಹಿಡಿದುಕೊಂಡರೆ ಈ ಫಲಿತಾಂಶ ಬರಲಿಕ್ಕೇ ಇಲ್ಲ.

ಪೆರ್ಲದ ಕೃಷಿಕ:
ನಡುವೆ ಬಾಯಿ ಹಾಕುತ್ತೇನೆ. ನಮ್ಮ ಹಟ್ಟಿಯ ಕಾಸರಗೋಡು ಗಿಡ್ಡ ಅವಳಿ ಹಾಕಿತ್ತು. ಒಂದು ಹೋರಿ, ಒಂದು ಹೆಣ್ಣು. ಹೋರಿ ಕೊಟ್ಟಾಯಿತು. ಹೆಣ್ಣು ಮೈಕೈ ತುಂಬಿಕೊಂಡು ಚೆನ್ನಾಗಿದೆ, ಆದರೆ ಮೂರು ವರ್ಷ ಕಳೆದರೂ ಬೆದೆಯ ಸುದ್ದಿಯೇ ಇಲ್ಲ. ಅದಕ್ಕೂ ಥೈರಾಯ್ಡ್ ನೋಡಿಸಬೇಕಾ?

ಬದಿಯಡ್ಕ ಪಶುವೈದ್ಯ:
ಬೇಡ ಅಣ್ಣ, ದುಡ್ಡು ಹಾಳು. ಹೋರಿಯ ಜೊತೆ ಹುಟ್ಟಿದ ಹೆಣ್ಣುಗರು ಹತ್ತರಲ್ಲಿ ಒಂಬತ್ತು ಸಲ ಬರಡೇ. ಅದಕ್ಕೆ ಫ್ರೀಮಾರ್ಟಿನ್ ಎನ್ನುತ್ತೇವೆ. ದನಗಳಲ್ಲಿ ಅವಳಿ ಕರುಗಳ ಮಾಸು ಒಂದಕ್ಕೊಂದು ಅಂಟಿ ರಕ್ತನಾಳಗಳು ಕೂಡಿಕೊಳ್ಳುತ್ತವೆ. ಅಣ್ಣನ ರಕ್ತ ತಂಗಿಗೂ ಹರಿಯುತ್ತದೆ. ಗಂಡಿನ ವೃಷಣ ಬೇಗ ಕೆಲಸ ಶುರು ಮಾಡುತ್ತದೆ, ಹೆಣ್ಣಿನ ಅಂಡಾಶಯ ಇನ್ನೂ ತಯಾರಿಲ್ಲ. ವೃಷಣ ಬಿಡುವ ಎಎಮ್‌ಎಚ್ ಎಂಬ ಹಾರ್ಮೋನು ತಂಗಿಯ ಗರ್ಭಕೋಶವಾಗಬೇಕಾದ ನಾಳವನ್ನು ಕರಗಿಸುತ್ತದೆ. ಅಂಡಾಶಯವೂ ಕುಗ್ಗಿಹೋಗುತ್ತದೆ. ಇದು ಹಾರ್ಮೋನಿನ ಕೆಲಸ ಎಂದು ಲಿಲ್ಲಿ ಎಂಬ ವಿಜ್ಞಾನಿ 1916ರಲ್ಲೇ ಹೇಳಿದ್ದರು. ಆಗ ಆ ಹಾರ್ಮೋನು ಯಾವುದು ಅಂತ ಯಾರಿಗೂ ತಿಳಿದಿರಲಿಲ್ಲ.

ಅದನ್ನು ಬಿಡಿಸಿದ್ದು ಫ್ರಾನ್ಸಿನ ಆಲ್‌ಫ್ರೆಡ್ ಜೋಸ್ಟ್, 1940ರ ದಶಕದಲ್ಲಿ. ತಾಯಿ ಮೊಲದ ಹೊಟ್ಟೆಯೊಳಗೆ ಇರುವಾಗಲೇ ಗಂಡು ಭ್ರೂಣದ ವೃಷಣ ತೆಗೆದರು. ಆ ಮರಿಯ ಒಳಗೆ ಹೆಣ್ಣಿನ ಅಂಗಗಳು ಬೆಳೆದವು. ವೃಷಣದ ಬದಲು ಗಂಡು ಹಾರ್ಮೋನಿನ ಹರಳು ಇಟ್ಟು ನೋಡಿದರು. ಗಂಡಿನ ನಾಳ ಉಳಿಯಿತು, ಆದರೆ ಹೆಣ್ಣಿನ ನಾಳ ಕರಗಲಿಲ್ಲ. ಎಂದರೆ ವೃಷಣ ಒಂದಲ್ಲ, ಎರಡು ಸಂದೇಶ ಕಳಿಸುತ್ತದೆ. ಕಟ್ಟುವುದಕ್ಕೆ ಒಂದು, ಕೆಡವುವುದಕ್ಕೆ ಇನ್ನೊಂದು. ನಾನು ಓದಿದ ಪ್ರಯೋಗಗಳಲ್ಲಿ ಇಷ್ಟು ಚೊಕ್ಕವಾದದ್ದು ಇನ್ನೊಂದಿಲ್ಲ.

ನಿಮ್ಮ ಕರುವಿನ ವಂಶದಲ್ಲಿ ದೋಷವಿಲ್ಲ, ಪಿಟ್ಯುಟರಿಯಲ್ಲಿ ದೋಷವಿಲ್ಲ. ಬೇರೆಯವರ ಹಾರ್ಮೋನು ಬೇಡದ ಹೊತ್ತಿನಲ್ಲಿ ಬಂತು, ಅಷ್ಟೇ. ಮುಂದಿನ ಸಲ ಗಂಡು ಹೆಣ್ಣು ಅವಳಿ ಹುಟ್ಟಿದರೆ ತಿಂಗಳೊಳಗೆ ತೋರಿಸಿ. ಯೋನಿಯ ಉದ್ದ ಅಳೆದರೆ ಬಹುಮಟ್ಟಿಗೆ ಗೊತ್ತಾಗುತ್ತದೆ. ಬರಡು ಕರುವಿನಲ್ಲಿ ಅದು ಸರಿಸುಮಾರು ಮೂರನೇ ಒಂದು ಭಾಗ ಇರುತ್ತದೆ. ಎರಡೂ ಹೆಣ್ಣಾದರೆ ಹೆದರಬೇಡಿ.

ನೀಲೇಶ್ವರ ಕಡಲಕರೆ:
ಇಲ್ಲಿ ತೈಕಡಪ್ಪುರಂ ಬದಿಯಲ್ಲಿ ಆಲಿವ್ ರಿಡ್ಲಿ ಆಮೆಗಳ ಮೊಟ್ಟೆ ಕಾಯುತ್ತಾರೆ. ಆಮೆಗೆ ಗಂಡು ಹೆಣ್ಣು ತೀರ್ಮಾನವಾಗುವುದು ಮರಳಿನ ಬಿಸಿಯಿಂದ. ಬಿಸಿ ಜಾಸ್ತಿಯಾದರೆ ಹೆಣ್ಣು, ತಂಪಾದರೆ ಗಂಡು. ಅದೂ ಹಾರ್ಮೋನೇ ತಾನೇ?

ಬದಿಯಡ್ಕ ಪಶುವೈದ್ಯ:
ಹೌದು. ಬಿಸಿಯಲ್ಲಿ ಅರೊಮಟೇಸ್ ಎಂಬ ಕಿಣ್ವ ಜೋರಾಗುತ್ತದೆ. ಅದು ಗಂಡು ಹಾರ್ಮೋನನ್ನು ಹೆಣ್ಣು ಹಾರ್ಮೋನಾಗಿ ಬದಲಿಸುತ್ತದೆ. ಅಲ್ಲೂ ಮೊಟ್ಟೆಯೊಳಗಿನ ನಡುಗಾಲದ ಕೆಲವು ದಿನಗಳ ಬಿಸಿಯೇ ಲೆಕ್ಕಕ್ಕೆ ಬರುವುದು.

ಕುಂಬಳೆ ಮಾಷ್ಟ್ರು:
ಎಲ್ಲ ಒಪ್ಪುವಂಥದ್ದೇ. ಆದರೆ ಕರು, ಮೊಲ, ಆಮೆ ಮೂರರಲ್ಲೂ ಮಾತು ಲಿಂಗ ಗ್ರಂಥಿಯ ಹಾರ್ಮೋನಿನದ್ದೇ. ಥೈರಾಯ್ಡಿಗೆ ಈವರೆಗೆ ಸಾಕ್ಷಿ ಒಂದು ಇಲಿ. ಅದೂ ಔಷಧ ಕೊಟ್ಟ ಇಲಿ.

ಮುಳ್ಳೇರಿಯ ಎಂ.ಎಸ್ಸಿ.:
ಹಾಗಾದರೆ ಔಷಧವೇ ಇಲ್ಲದ ಒಂದು ಉದಾಹರಣೆ. ಕ್ವೇಲ್, ನಮ್ಮಲ್ಲಿ ಕಾಡೆ ಅಂತ ಮೊಟ್ಟೆಗೆ ಸಾಕುತ್ತಾರಲ್ಲ, ಅದು. ಹಗಲು ಉದ್ದವಾದರೆ ಗಂಡು ಕಾಡೆಯ ವೃಷಣ ಕೆಲವೇ ವಾರಗಳಲ್ಲಿ ಹತ್ತಾರು ಪಟ್ಟು ಬೆಳೆಯುತ್ತದೆ. ಹಗಲು ಉದ್ದವಾಯಿತು ಎಂದು ಜಿಎನ್‌ಆರ್‌ಎಚ್ ಬಿಡುವ ಕೋಶಗಳಿಗೆ ತಿಳಿಯುವುದು ಹೇಗೆ? ಜಪಾನಿನ ಯೋಶಿಮುರಾ ತಂಡ 2003ರಲ್ಲಿ, ಮತ್ತೆ 2008ರಲ್ಲಿ ಇದನ್ನು ಬಿಡಿಸಿ ತೋರಿಸಿತು. ಪಿಟ್ಯುಟರಿಯ ಒಂದು ಮೂಲೆಯಿಂದ ಟಿಎಸ್‌ಎಚ್ ಹೊರಡುತ್ತದೆ. ಅದು ಕುತ್ತಿಗೆಯ ಥೈರಾಯ್ಡಿಗೆ ಹೋಗುವುದಿಲ್ಲ, ಮೇಲಕ್ಕೆ ಮೆದುಳಿಗೇ ಹೋಗುತ್ತದೆ. ಅಲ್ಲಿ ಥೈರಾಯ್ಡ್ ಬಿಟ್ಟ ಟಿ4 ಎಂಬ ಹಾರ್ಮೋನು ಟಿ3 ಆಗುತ್ತದೆ. ಆಮೇಲೆ ಜಿಎನ್‌ಆರ್‌ಎಚ್‌ಗೆ ದಾರಿ ತೆರೆಯುತ್ತದೆ. ನಿಮ್ಮ ಸಾಲು ಸರಿಯೇ ಇದೆ ಮಾಷ್ಟ್ರೇ. ಅದರ ತಲೆಯ ಬದಿಯಲ್ಲಿ ಕುಳಿತು ಶುರು ಮಾಡಿಸುವುದು ಥೈರಾಯ್ಡ್ ಹಾರ್ಮೋನು.

ಕುಂಬಳೆ ಮಾಷ್ಟ್ರು:
ಇದು ಗಟ್ಟಿ ಸಾಕ್ಷಿ. ಕಾಲಂ ನಾನು ಬಿಡುವುದಿಲ್ಲ. ಕಾಲಂಗಳ ನಡುವೆ ಎರಡು ಬಾಣ ಎಳೆಸುತ್ತೇನೆ. ಥೈರಾಯ್ಡಿನಿಂದ ಮೆದುಳಿಗೆ ಒಂದು, ಎಳೆಯ ವೃಷಣಕ್ಕೆ ಒಂದು.

ಪೆರ್ಲದ ಕೃಷಿಕ:
ಹಾಗಾದರೆ ನಮ್ಮ ಕಾಸರಗೋಡಿನ ಪಡ್ರೆ ಊರಿನ ಮಾತಿಗೆ ಬನ್ನಿ. ನಾನು ಆ ಬದಿಯಲ್ಲೇ ಬೆಳೆದವನು. ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಹೊಡೆಯುತ್ತಿದ್ದರು, 20 ವರ್ಷಕ್ಕೂ ಜಾಸ್ತಿ. ಸದ್ದು ಕೇಳಿದರೆ ಬಾವಿಗೆ ಹಾಳೆ ಮುಚ್ಚಲು ಓಡುತ್ತಿದ್ದೆವು. ಗುಡ್ಡ ಕೊರೆದ ಸುರಂಗದ ನೀರನ್ನು, ತೋಡಿನ ನೀರನ್ನು ಯಾರು ಮುಚ್ಚುತ್ತಾರೆ? ಹೊಟ್ಟೆಯಲ್ಲಿದ್ದ ಮಕ್ಕಳಿಗೆ, ಹುಡುಗರಿಗೆ ಬೇಡದ ಹೊತ್ತಿನಲ್ಲಿ ಅದು ಹೋಗಿದೆಯಲ್ಲ. ನಮ್ಮ ಹುಡುಗರ ಮೇಲೆ ಮಾಡಿದ ಅಧ್ಯಯನ ಏನು ಹೇಳಿತು?

ಉಪ್ಪಳ ಲ್ಯಾಬ್:
ನಾನು ರಕ್ತ ಪರೀಕ್ಷೆ ಮಾಡುವವಳು. ಆ ವರದಿಯನ್ನು ಪೂರ್ತಿ ಓದಿದ್ದೇನೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಮಾಡಿದ್ದು, 2003ರಲ್ಲಿ ಪ್ರಕಟವಾಯಿತು. 10ರಿಂದ 19 ವರ್ಷದ ಶಾಲೆಯ ಹುಡುಗರು. ಸಿಂಪಡಣೆಯ ಊರಿನವರು 117, ಸಿಂಪಡಣೆ ಇಲ್ಲದ ಊರಿನವರು 90. ಅಳೆದ ಹಾರ್ಮೋನು ವೃಷಣ ಬಿಡುವ ಟೆಸ್ಟೋಸ್ಟೆರಾನ್, ಜೊತೆಗೆ ಎಲ್‌ಎಚ್, ಎಫ್‌ಎಸ್‌ಎಚ್. ರಕ್ತದಲ್ಲಿ ಎಂಡೋಸಲ್ಫಾನ್ ನಮ್ಮ ಹುಡುಗರಿಗೆ ಸರಾಸರಿ 7.47 ಪಿಪಿಬಿ (ನೂರು ಕೋಟಿಯಲ್ಲಿ ಇಷ್ಟು ಪಾಲು), ಅವರಿಗೆ 1.37.

ವಯಸ್ಸಿನ ಲೆಕ್ಕ ಹಿಡಿದು ನೋಡಿದಾಗ ನಮ್ಮ ಹುಡುಗರು ಬಲಿಯುವುದು ತಡ, ಟೆಸ್ಟೋಸ್ಟೆರಾನ್ ಕಡಿಮೆ, ಎಲ್‌ಎಚ್ ಮಾತ್ರ ಜಾಸ್ತಿ. ಈ ಎರಡನ್ನೂ ಒಟ್ಟಿಗೆ ಓದಬೇಕು. ಹುಡುಗರಿಗೆ ಸುಮ್ನೆ ಪೌಷ್ಟಿಕತೆ ಸಾಲದೆ ತಡವಾಗಿದ್ದರೆ ಮೆದುಳೇ ನಿಧಾನ, ಆಗ ಎಲ್‌ಎಚ್ ಕೂಡ ಕಡಿಮೆ ಇರಬೇಕಿತ್ತು. ಇಲ್ಲಿ ಹೊರಗಿನವರು ಬಾಗಿಲು ಜೋರಾಗಿ ಬಡಿಯುತ್ತಿದ್ದಾರೆ, ಒಳಗಿನವರು ಏಳುತ್ತಿಲ್ಲ. ಪೆಟ್ಟು ಬಿದ್ದದ್ದು ವೃಷಣಕ್ಕೆ ಎಂದೇ ನಾನು ಓದುತ್ತೇನೆ. ಟೆಸ್ಟೋಸ್ಟೆರಾನ್ ಒಂದನ್ನೇ ಅಳೆದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಕುಂಬಳೆ ಮಾಷ್ಟ್ರು:
ಅಕ್ಕ, ನೋವು ನನಗೂ ಇದೆ. ನನ್ನ ತರಗತಿಯಲ್ಲೂ ಆ ಬದಿಯ ಮಕ್ಕಳಿದ್ದರು. ಆದರೂ ಒಂದು ಮಾತು. ಸಂಖ್ಯೆ ಸಣ್ಣದು, ಎಲ್ಲರೂ ಪರೀಕ್ಷೆಗೆ ಬಂದಿರಲಿಲ್ಲ, ಅದನ್ನು ಅವರೇ ಬರೆದಿದ್ದಾರೆ. ಎಲ್‌ಎಚ್ ಒಂದೇ ಮಟ್ಟದಲ್ಲಿ ಇರುವುದಿಲ್ಲ, ಅಲೆ ಅಲೆಯಾಗಿ ಬರುತ್ತದೆ. ಒಂದು ಸಲ ತೆಗೆದ ರಕ್ತದಲ್ಲಿ ಎಷ್ಟು ಹೇಳಬಹುದು?

ಉಪ್ಪಳ ಲ್ಯಾಬ್:
ಒಬ್ಬ ಹುಡುಗನ ಬಗ್ಗೆ ಏನೂ ಹೇಳಲಾಗದು, ನಿಜ. ಎರಡು ಗುಂಪುಗಳ ಬಗ್ಗೆ ಹೇಳಬಹುದು. ಅಲೆಗಳು ಎರಡೂ ಊರಿನ ಹುಡುಗರಲ್ಲಿ ಇರುತ್ತವೆ. ಅದರಿಂದ ವ್ಯತ್ಯಾಸ ಮಸುಕಾಗುತ್ತದೆಯೇ ಹೊರತು ಒಂದೇ ಊರಿನ ಕಡೆಗೆ ವಾಲುವುದಿಲ್ಲ. ವೃಷಣ ಇಳಿಯದಿರುವಂಥ ಹುಟ್ಟು ದೋಷಗಳು ನಮ್ಮ ಕಡೆ ಶೇಕಡ 5.1, ಅಲ್ಲಿ 1.1. ಆದರೆ ಆ ವ್ಯತ್ಯಾಸ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ನಿಲ್ಲಲಿಲ್ಲ, ಆಕಸ್ಮಿಕವೂ ಇರಬಹುದು, ಹಾಗೆಂದೂ ಅವರು ಬರೆದಿದ್ದಾರೆ. ಇಷ್ಟು ನೇರವಾಗಿ ಬರೆದ ವರದಿಯನ್ನು ಸಣ್ಣದು ಅಂತ ತಳ್ಳಿಹಾಕುವುದು ನ್ಯಾಯವಲ್ಲ. ಸಣ್ಣದಾದರೆ ದೊಡ್ಡದು ಮಾಡಬೇಕಿತ್ತು.

ಮುಳ್ಳೇರಿಯ ಎಂ.ಎಸ್ಸಿ.:
ಥೈರಾಯ್ಡ್ ಆ ಪಟ್ಟಿಯಲ್ಲಿ ಇಲ್ಲ, ನೋಡಿ. ಈಗ ಮಾಡುವುದಾದರೆ ಟಿಎಸ್‌ಎಚ್, ಟಿ4 ಸೇರಿಸಲೇಬೇಕು. ಸೆರ್ಟೋಲಿ ಕೋಶ ಎಷ್ಟಿವೆ ಎಂಬ ಸುಳಿವು ಸಿಗಲು ಆ ಕೋಶಗಳೇ ಬಿಡುವ ಇನ್‌ಹಿಬಿನ್ ಬಿ ಎಂಬ ಹಾರ್ಮೋನು ಕೂಡ.

ಕುಂಬಳೆ ಮಾಷ್ಟ್ರು:
ಅದನ್ನೇ ನಾನೂ ಹೇಳಹೊರಟಿದ್ದು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ನಿಲ್ಲಿಸಿತು. 2017ರಲ್ಲಿ ಪರಿಹಾರ ಕೊಡಿ ಎಂದಿತು. ಆದರೆ ಪರಿಹಾರದ ಮಾತು ಕಣ್ಣಿಗೆ ಕಾಣುವ ಕಾಯಿಲೆಗೆ. ಆ ಅಧ್ಯಯನದ ಹುಡುಗರು ಈಗ ಮೂವತ್ತು ದಾಟಿದ ಗಂಡಸರು. ಬೆಳವಣಿಗೆ ತಡವಾಗಿ ಆಮೇಲೆ ಸರಿಹೋಯಿತೇ, ಅಥವಾ ಹಾಗೇ ಉಳಿಯಿತೇ? ಬೆಳಗ್ಗಿನ ರಕ್ತ, ಟೆಸ್ಟೋಸ್ಟೆರಾನ್ ಜೊತೆಗೇ ಎಲ್‌ಎಚ್, ಎಫ್‌ಎಸ್‌ಎಚ್, ಥೈರಾಯ್ಡ್. ಇಷ್ಟು ಮಾಡಿದರೆ ಉತ್ತರದ ದೊಡ್ಡ ಪಾಲು ಸಿಗುತ್ತದೆ.

ಉಪ್ಪಳ ಲ್ಯಾಬ್:
ಮಾಡಬೇಕು. ಆದರೆ ಹೆಸರು ಹೊರಗೆ ಬರಬಾರದು, ಮನಸ್ಸಿದ್ದವರು ಮಾತ್ರ ಬರಬೇಕು. ಆ ಊರಿನವರನ್ನು ಫೋಟೋ ಹಿಡಿದು ಹಿಡಿದು ಸಾಕುಮಾಡಿದ್ದಾರೆ. ಮಕ್ಕಳಾಗಿಲ್ಲ ಎಂಬುದನ್ನು ಗಂಡಸರು ಊರ ಮುಂದೆ ಹೇಳುವುದಿಲ್ಲ.

ಪೆರ್ಲದ ಕೃಷಿಕ:
ಹೇಳುವುದಿಲ್ಲ, ನಿಜ. ನನ್ನ ಜೊತೆ ಆಡಿದವರಲ್ಲೇ ಇದ್ದಾರೆ. ಬೇರೆ ಊರಿನಲ್ಲಿ, ಹೆಸರು ಬರೆಯದೆ ರಕ್ತ ಕೊಡಬಹುದು ಅಂದರೆ ನಾನೇ ಕೇಳಿ ನೋಡುತ್ತೇನೆ, ನಾಲ್ಕು ಜನ ಬಂದಾರು. ಮಾಷ್ಟ್ರೇ, ಆರೋಗ್ಯ ಇಲಾಖೆಗೆ ಕೊಡಲು ಒಂದು ಅರ್ಜಿಯ ಕರಡು ಬರೆಯಿರಿ, ಕನ್ನಡದಲ್ಲಿ. ಮಲಯಾಳಕ್ಕೆ ಉಪ್ಪಳದ ಅಕ್ಕ ಮಾಡಿಕೊಡಲಿ. ಎಣ್ಮಕಜೆ ಪಂಚಾಯತಿಗೆ ಒಂದು ಪ್ರತಿ ನಾನು ಮುಟ್ಟಿಸುತ್ತೇನೆ.

ಕುಂಬಳೆ ಮಾಷ್ಟ್ರು:
ಭಾನುವಾರದೊಳಗೆ ಬರೆದು ಹಾಕುತ್ತೇನೆ. ಯಾವ ಯಾವ ಪರೀಕ್ಷೆ, ಯಾವ ಹೊತ್ತಿನಲ್ಲಿ, ಎಷ್ಟು ರಕ್ತ ಎಂಬ ಪಟ್ಟಿಯನ್ನು ಅಕ್ಕ ಕಳಿಸಲಿ.